ಯೋಗದ ಲಾಭ ಯಾರ ಖಾತೆಗೆ?

ಹೊಸದಾಗಿ ಯೋಗ ಕಲಿಯಲು ಹೊರಟವರನ್ನು ಬೇರೆಯವರು ಕೇಳುವ ಮೊದಲ ಪ್ರಶ್ನೆಯೂ ಅವರು ತಮ್ಮನ್ನೇ ಕೇಳಿಕೊಳ್ಳುವ ಮೊದಲ ಪ್ರಶ್ನೆಯೂ ಒಂದೇ: ಇದರಿಂದ ಏನು ಲಾಭ? ಬೆನ್ನುನೋವು ಹೋಗುತ್ತದೆಯೇ, ನಿದ್ದೆ ಬರುತ್ತದೆಯೇ, ತೂಕ ಇಳಿಯುತ್ತದೆಯೇ, ಬಿ.ಪಿ. ಹತೋಟಿಗೆ ಬರುತ್ತದೆಯೇ? ನಮ್ಮ ಕೆಲವು ಹಿರಿಯರಿಗೆ ಈ ಪ್ರಶ್ನೆ ಕೇಳಿದರೇ ಸಿಟ್ಟು. "ಮೋಕ್ಷದ ದಾರಿಯನ್ನು ತಂದು ಸೊಂಟನೋವಿನ ಮುಲಾಮು ಮಾಡಿಬಿಟ್ಟಿರಲ್ಲ" ಎನ್ನುತ್ತಾರೆ. ನಾನು ವೃತ್ತಿಯಿಂದ ಲೆಕ್ಕಿಗ. ಲಾಭದ ಮಾತೆತ್ತಿದವರನ್ನು ಕೀಳಾಗಿ ನೋಡುವ ಅಧಿಕಾರ ನನ್ನ ವೃತ್ತಿಯವರಿಗೆ ಇಲ್ಲ. ಆದರೆ ಲಾಭ ಎಂದ ಕೂಡಲೇ ಲೆಕ್ಕಿಗನಾದವನು ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಆ ಲಾಭ ಯಾರ ಖಾತೆಗೆ ಜಮೆಯಾಗುತ್ತದೆ? ಯೋಗದ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ನನಗೆ ಅದೇ ಮುಖ್ಯವಾದ ಪ್ರಶ್ನೆ ಎನಿಸಿದೆ.

ಲಂಡನ್ನಿನ ವಾಯವ್ಯ ಭಾಗದ ಕಿಂಗ್ಸ್‌ಬರಿಯಲ್ಲಿ ನಮ್ಮ ಮನೆ. ಜುಬಿಲಿ ಲೈನಿನ ರೈಲು ಇಳಿದು ಕಿಂಗ್ಸ್‌ಬರಿ ರಸ್ತೆಗೆ ಬಂದರೆ ಕೊತ್ತಂಬರಿ ಕಟ್ಟು, ಹಾಗಲಕಾಯಿ, ಮಾವಿನ ಪೆಟ್ಟಿಗೆ ಜೋಡಿಸಿಟ್ಟ ಅಂಗಡಿಗಳು ಕಾಣುತ್ತವೆ; ಇಂಗ್ಲಿಷಿಗಿಂತ ಗುಜರಾತಿಯೇ ಜೋರಾಗಿ ಕಿವಿಗೆ ಬೀಳುತ್ತದೆ. ಇಲ್ಲಿನ ಒಂದು ಸಮುದಾಯ ಭವನದಲ್ಲಿ ಶನಿವಾರ ಬೆಳಿಗ್ಗೆ ಹೊಸಬರಿಗಾಗಿ ಯೋಗದ ತರಗತಿ ನಡೆಯುತ್ತದೆ. ಕಲಿಸುವವರು ಅರವತ್ತು ದಾಟಿದ ಇಂಗ್ಲಿಷ್ ಮಹಿಳೆ. ಕಲಿಯುವವರಲ್ಲಿ ಗುಜರಾತಿ ಅಜ್ಜಿಯರಿದ್ದಾರೆ, ರೊಮೇನಿಯಾದ ಒಬ್ಬ ಬಡಗಿ ಇದ್ದಾನೆ, ನಿವೃತ್ತಿಯಾದ ಐರಿಷ್ ನರ್ಸ್ ಒಬ್ಬರಿದ್ದಾರೆ, ದಿನಕ್ಕೆ ಹತ್ತು ಗಂಟೆ ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಕೂರುವ ದಾವಣಗೆರೆಯ ನಾನೊಬ್ಬನಿದ್ದೇನೆ. ಮೊದಲ ವಾರಗಳಲ್ಲಿ ಅಲ್ಲಿ ಮಾಡುವುದು ಬಹಳ ಸಣ್ಣ ಕೆಲಸಗಳು. ಎರಡು ಪಾದಗಳ ಮೇಲೂ ಸಮನಾಗಿ ಭಾರ ಹಾಕಿ ನಿಲ್ಲುವುದು. ಕುರ್ಚಿಯ ಬೆನ್ನಿಗೆ ಕೈ ಕೊಟ್ಟು ಬಗ್ಗುವುದು. ಚಕ್ಕಂಬಕ್ಕಳ ಹಾಕಲು ಬಾರದವರು ಮಡಚಿದ ಕಂಬಳಿಯ ಮೇಲೆ ಕೂರುವುದು. ಕೊನೆಗೆ ಹತ್ತು ನಿಮಿಷ ಅಂಗಾತ ಮಲಗಿ ಉಸಿರು ಬಂದು ಹೋಗುವುದನ್ನು ಗಮನಿಸುವುದು.

ಇದನ್ನು ಫೋನಿನಲ್ಲಿ ವಿವರಿಸಿದಾಗ ಊರಿನಿಂದ ನನ್ನ ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲೋ, ನೆಲದ್ ಮ್ಯಾಲೆ ಕುತ್ಕಳಾಕೂ ದುಡ್ಡು ಕೊಡ್ಬೇಕೇನೋ ನಿಮ್ಮೂರಾಗೆ?" ನಗು ಬಂತು. ಆದರೆ ಆ ಮಾತಿನಲ್ಲಿ ಒಂದು ವಾದವಿದೆ. ಅವಳ ಕಾಲದವರು ಅಂಗಳ ಗುಡಿಸಿ, ಒರಳಲ್ಲಿ ರುಬ್ಬಿ, ಬಾವಿಯಿಂದ ನೀರು ಸೇದಿ, ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆದು ದಿನವಿಡೀ ಬಗ್ಗಿ ಎದ್ದವರು. ಅವರಿಗೆ ಯೋಗ ಬೇಕಿರಲಿಲ್ಲ ಎಂದು ನಾವು ಹೆಮ್ಮೆಯಿಂದ ಹೇಳುವುದುಂಟು. ಆದರೆ ಅಮ್ಮನ ಎರಡೂ ಮಂಡಿಗಳು ಇವತ್ತು ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಅವಳು ಬಗ್ಗಿದ್ದರ ಲಾಭ ಮನೆಯ ಖಾತೆಗೆ ಹೋಯಿತು. ಸವಕಳಿ ಮಾತ್ರ ಅವಳ ಖಾತೆಯಲ್ಲಿ ಉಳಿಯಿತು. ಬಗ್ಗುವಾಗ ನಿನಗೆ ಎಲ್ಲಿ ನೋಯುತ್ತದೆ, ಉಸಿರು ಎಲ್ಲಿ ಕಟ್ಟುತ್ತದೆ ಎಂದು ಅವಳನ್ನು ಯಾರೂ ಕೇಳಲಿಲ್ಲ. ನಮ್ಮ ಟೀಚರ್ ಮಾತ್ರ ಪ್ರತಿ ಶನಿವಾರ ಪ್ರತಿಯೊಬ್ಬರನ್ನೂ ಕೇಳುವುದು ಅದನ್ನೇ. ಮೈ ಬಗ್ಗಿಸುವ ದುಡಿಮೆಗೂ ಯೋಗಕ್ಕೂ ಇರುವ ಅಂತರ ನನಗೆ ಸ್ಪಷ್ಟವಾದದ್ದು ಅಲ್ಲಿ.

ಇನ್ನು ಅಂಕಿ ಅಂಶದ ಲಾಭಕ್ಕೆ ಬರೋಣ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದವರು ನಡೆಸಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಬಹುಕಾಲದ ಬೆನ್ನುನೋವಿದ್ದ 313 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ, ಹೊಸಬರಿಗೆಂದೇ ರೂಪಿಸಿದ 12 ಯೋಗ ತರಗತಿಗಳು, ಮೂರು ತಿಂಗಳ ಅವಧಿಯಲ್ಲಿ. ವರ್ಷದ ಕೊನೆಗೆ ನೋಡಿದರೆ ಯೋಗದ ಗುಂಪಿನವರು ನಡೆದಾಡುವುದು, ಬಗ್ಗುವುದು, ಮನೆಗೆಲಸ ಮಾಡಿಕೊಳ್ಳುವುದು ಇವುಗಳಲ್ಲಿ ಮೇಲಿದ್ದರು. ಆದರೆ ನೋವಿನ ಅಳತೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯೋಗ ಮಾಡಿದವರಲ್ಲಿ ಕೆಲವರಿಗೆ ನೋವು ಹೆಚ್ಚಾದದ್ದೂ ಉಂಟು.

ಈ ಫಲಿತಾಂಶವನ್ನು ನಾನು ಹಲವು ಸಲ ಓದಿದ್ದೇನೆ. ಯೋಗದಿಂದ ಎಲ್ಲ ರೋಗ ಹೋಗುತ್ತದೆ ಎನ್ನುವವರಿಗೂ ಇದು ಒಪ್ಪಿಗೆಯಾಗದು, ಅದೆಲ್ಲ ಬೂಟಾಟಿಕೆ ಎನ್ನುವವರಿಗೂ ಒಪ್ಪಿಗೆಯಾಗದು. ನೋವು ಹೆಚ್ಚುಕಡಿಮೆ ಅಷ್ಟೇ ಇದೆ, ಆದರೂ ಮನುಷ್ಯ ಮಾಡಬಲ್ಲ ಕೆಲಸಗಳು ಹೆಚ್ಚಾಗಿವೆ. ನೋವಿಗೆ ಹೆದರಿ ಬಿಟ್ಟುಕೊಟ್ಟಿದ್ದ ಜಾಗವನ್ನು ಅವನು ಸ್ವಲ್ಪ ಸ್ವಲ್ಪವಾಗಿ ವಾಪಸು ಪಡೆದಿದ್ದಾನೆ. ಹೊಸಬರಿಗೆ ಯೋಗದಿಂದ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಇಷ್ಟನ್ನು ಹೇಳುತ್ತೇನೆ. ಇದಕ್ಕಿಂತ ಹೆಚ್ಚು ಹೇಳುವವರ ಮುಂದೆ ಜೇಬು ಗಟ್ಟಿಯಾಗಿ ಹಿಡಿದುಕೊಳ್ಳಿ ಎನ್ನುತ್ತೇನೆ.

ಇದೇ ಅಧ್ಯಯನದ ಖರ್ಚುವೆಚ್ಚವನ್ನು ಲೆಕ್ಕ ಹಾಕಿ 2012ರಲ್ಲಿ ಇನ್ನೊಂದು ಬರಹ ಬಂತು. ಬೆನ್ನುನೋವಿನಿಂದ ಕೆಲಸಕ್ಕೆ ರಜೆ ಹಾಕಿದ ದಿನಗಳು ಯೋಗದ ಗುಂಪಿನಲ್ಲಿ ವರ್ಷಕ್ಕೆ ಸರಾಸರಿ 4ರ ಹತ್ತಿರ, ಇನ್ನೊಂದು ಗುಂಪಿನಲ್ಲಿ 12ರ ಹತ್ತಿರ. ಸರ್ಕಾರಿ ಆರೋಗ್ಯ ಸೇವೆಯ ಖರ್ಚಿನ ದೃಷ್ಟಿಯಿಂದಲೂ ಯೋಗ ತರಗತಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಎಂದು ಅವರು ತೀರ್ಮಾನಿಸಿದರು. ಲೆಕ್ಕಿಗನ ಕಣ್ಣಿಗೆ ಇದು ಒಳ್ಳೆಯ ಸುದ್ದಿ. ಆದರೆ ಆ ಎಂಟು ದಿನಗಳನ್ನು ಸ್ವಲ್ಪ ಹೊತ್ತು ನೋಡಿ. ಉಳಿದ ಎಂಟು ದಿನ ಯಾರ ಖಾತೆಗೆ ಹೋದವು? ದಿನಗೂಲಿಯವನಾದರೆ ಅವನ ಖಾತೆಗೇ ಹೋದವು. ಎಂಟು ದಿನದ ಕೂಲಿ ಉಳಿಯಿತು. ಸಂಬಳದವನಾದರೆ ಅವು ಬಹುಪಾಲು ಮಾಲೀಕನ ಖಾತೆಗೆ ಹೋದವು. ಇಲ್ಲಿಂದ ಯೋಗದ ಲಾಭ ಒಂದು ನೈತಿಕ ಪ್ರಶ್ನೆಯಾಗುತ್ತದೆ.

ಬ್ರಿಟನ್ನಿನಲ್ಲಿ ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಸ್ವಂತ ಉದ್ಯೋಗದವರು ಆನ್‌ಲೈನ್‌ನಲ್ಲಿ ಲೆಕ್ಕ ಸಲ್ಲಿಸಲು ಕೊನೆಯ ದಿನ ಮುಂದಿನ ಜನವರಿ 31. ನಡುವೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲವಿದ್ದರೂ ಅರ್ಧ ಜನ ಚೀಲ ತುಂಬಾ ರಸೀದಿ ಹಿಡಿದು ಬರುವುದು ಜನವರಿಯಲ್ಲೇ. ಅಕೌಂಟೆಂಟರಿಗೆ ಆ ತಿಂಗಳು ಮದುವೆಮನೆ ಇದ್ದಂತೆ, ಊಟ ಮಾತ್ರ ಇಲ್ಲ. ಹಿಂದೆ ನಾನಿದ್ದ ಒಂದು ಸಂಸ್ಥೆಯಲ್ಲಿ ಸಿಬ್ಬಂದಿಯ ಒತ್ತಡ ಕಡಿಮೆ ಮಾಡಲೆಂದು ಜನವರಿಯಲ್ಲಿ ಮಧ್ಯಾಹ್ನ ಅರ್ಧ ಗಂಟೆ ಯೋಗ ಏರ್ಪಡಿಸಿದರು. ಫೈಲುಗಳ ಸಂಖ್ಯೆ ಇಳಿಯಲಿಲ್ಲ, ರಾತ್ರಿ ಮನೆಗೆ ಹೋಗುವ ಹೊತ್ತೂ ಬದಲಾಗಲಿಲ್ಲ. ತರಬೇತಿಯಲ್ಲಿದ್ದ ಒಬ್ಬ ಹುಡುಗಿ ಎರಡನೆಯ ವಾರ ನನಗೆ ಸಂತೋಷದಿಂದಲೇ ಹೇಳಿದಳು: ಯೋಗ ಮಾಡಿದ ದಿನ ರಾತ್ರಿ ಇನ್ನೂ ಎರಡು ಗಂಟೆ ಜಾಸ್ತಿ ಕೂರಬಲ್ಲೆ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅವಳಿಗೆ ಸಿಕ್ಕ ಲಾಭ ನಿಜವಾದದ್ದು. ಕುತ್ತಿಗೆ ಹಗುರಾಗಿತ್ತು, ತಲೆನೋವು ಇಳಿದಿತ್ತು. ಆದರೆ ಹಾಗೆ ಬಂದ ಶಕ್ತಿ ಅದೇ ರಾತ್ರಿ ಇನ್ನೊಬ್ಬರ ಖಾತೆಗೆ ವರ್ಗವಾಗುತ್ತಿತ್ತು. ಎತ್ತಿನ ಕುತ್ತಿಗೆಗೆ ಎಣ್ಣೆ ಹಚ್ಚಿ ನೊಗವನ್ನು ಇನ್ನಷ್ಟು ಭಾರ ಮಾಡಿದರೆ ಎಣ್ಣೆಯದೇನೂ ತಪ್ಪಿಲ್ಲ, ನಿಜ. ಆದರೂ ಎಣ್ಣೆ ಹಚ್ಚಿದವನನ್ನು ನಾವು ಎತ್ತಿನ ಹಿತೈಷಿ ಎಂದು ಕರೆಯುವುದಿಲ್ಲ. ಸಹಿಸಬಾರದ ಬದುಕನ್ನು ಸಹಿಸುವಂತೆ ಮಾಡುವ ಸಾಧನವಾಗಿ ಯೋಗವನ್ನು ಬಳಸಬಹುದೇ? ಬಳಸಿದರೆ ಅದು ಒಳಿತೇ, ಕೆಡುಕೇ?

ಇಲ್ಲಿ ಹಿರಿಯರ ವಾದ ಮತ್ತೆ ತಲೆಯೆತ್ತುತ್ತದೆ. "ನೋಡಿದಿರಾ, ತತ್ತ್ವವನ್ನು ಕಿತ್ತುಹಾಕಿ ಬರೀ ಆಸನ ಇಟ್ಟುಕೊಂಡಿದ್ದರ ಫಲ ಇದು" ಎನ್ನುತ್ತಾರೆ. ಈ ಕಿತ್ತುಹಾಕುವಿಕೆಗೆ ಲಂಡನ್ನಿನಲ್ಲಿ ಒಂದು ಚರಿತ್ರೆಯೇ ಇದೆ, ಅದರ ನಡುವೆ ನಿಂತವರು ಒಬ್ಬ ಕನ್ನಡ ನಾಡಿನವರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಕ್ಷಯ, ಟೈಫಾಯಿಡ್, ಮಲೇರಿಯಾಗಳಿಂದ ನರಳಿದ ಹುಡುಗ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದ ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿಗೆ 1934ರಲ್ಲಿ ಹೋದದ್ದು ಮುಖ್ಯವಾಗಿ ಮೈ ಸುಧಾರಿಸಲೆಂದು. ಅದೇ ವರ್ಷ ಕೃಷ್ಣಮಾಚಾರ್ಯರ 'ಯೋಗ ಮಕರಂದ' ಕನ್ನಡದಲ್ಲಿ ಪ್ರಕಟವಾಯಿತು. ಮುಂದೆ 1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅಯ್ಯಂಗಾರರನ್ನು ಭೇಟಿಯಾದದ್ದು ದಣಿದ ಮೈಗೆ ವಿಶ್ರಾಂತಿ ಹುಡುಕಿಕೊಂಡೇ. ಮೆನುಹಿನ್ ಅವರ ಆಹ್ವಾನದಿಂದ 1954ರಲ್ಲಿ ಅಯ್ಯಂಗಾರ್ ಯುರೋಪಿಗೂ ಲಂಡನ್ನಿಗೂ ಬಂದರು. 1966ರಲ್ಲಿ ಅವರ 'ಲೈಟ್ ಆನ್ ಯೋಗ' ಲಂಡನ್ನಿನಿಂದ ಹೊರಬಂತು.

1960ರ ದಶಕದ ಕೊನೆಯಲ್ಲಿ ಒಳಲಂಡನ್ನಿನ ಶಿಕ್ಷಣ ಪ್ರಾಧಿಕಾರ ವಯಸ್ಕರ ಸಂಜೆ ತರಗತಿಗಳಲ್ಲಿ ಅಯ್ಯಂಗಾರ್ ಪದ್ಧತಿಯ ಯೋಗ ಕಲಿಸಲು ಒಪ್ಪಿತು. ಒಪ್ಪಿಗೆಗೆ ಒಂದು ಷರತ್ತು ಇತ್ತು. ಆಸನ, ಪ್ರಾಣಾಯಾಮಗಳನ್ನು ಕಲಿಸಬಹುದು, ಯೋಗದ ಇಡೀ ತತ್ತ್ವಕ್ಕೆ ಕೈ ಹಾಕಬಾರದು. ಸರ್ಕಾರಿ ದುಡ್ಡಿನಲ್ಲಿ ಧರ್ಮಬೋಧೆ ಸಲ್ಲದು ಎಂಬುದು ಅದರ ಹಿಂದಿನ ಯೋಚನೆ. ಅಯ್ಯಂಗಾರರ ಪದ್ಧತಿ ಆ ಷರತ್ತಿನ ಒಳಗೇ ಬೆಳೆಯಿತು. ಲಂಡನ್ನಿನ ಸಾಮಾನ್ಯ ಜನ, ಬಹುಪಾಲು ಹೆಂಗಸರು, ಕಡಿಮೆ ಶುಲ್ಕ ಕೊಟ್ಟು ಶಾಲೆಗಳ ಹಾಲುಗಳಲ್ಲಿ ಯೋಗ ಕಲಿತರು.

ಇದು ಸೋಲೇ, ರಾಜಿಯೇ? ನನಗೆ ಎರಡೂ ಅನಿಸುವುದಿಲ್ಲ. ಪತಂಜಲಿಯ ಯೋಗಸೂತ್ರದಲ್ಲಿ ಎಂಟು ಅಂಗಗಳು ಬರುತ್ತವೆ. ಆಸನ ಅದರಲ್ಲಿ ಮೂರನೆಯದು. ಸುಮಾರು ಇನ್ನೂರು ಸೂತ್ರಗಳಲ್ಲಿ ನೇರವಾಗಿ ಆಸನದ ಬಗ್ಗೆ ಇರುವುದು ಮೂರೇ ಮೂರು. ಅದಕ್ಕಿಂತ ಮೊದಲು ಯಮ, ನಿಯಮ ಬರುತ್ತವೆ: ಅಹಿಂಸೆ, ಸತ್ಯ, ಕದಿಯದಿರುವುದು, ಬ್ರಹ್ಮಚರ್ಯ, ಅಪರಿಗ್ರಹ, ಆಮೇಲೆ ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರ ಪ್ರಣಿಧಾನ. ಪಟ್ಟಿಯ ಕ್ರಮ ನೋಡಿದರೆ ಮೊದಲು ನೀತಿ, ಆಮೇಲೆ ಮೈ. ಶಿಕ್ಷಣ ಪ್ರಾಧಿಕಾರ ಈ ಮೊದಲೆರಡು ಮೆಟ್ಟಿಲನ್ನು ಮುಚ್ಚಿಟ್ಟು ಮೂರನೆಯದರಿಂದ ಹತ್ತಿಸಿತು. ಆದರೆ ಹಾಗೆ ಮುಚ್ಚಿಡುವುದು ಪೂರ್ತಿ ಸಾಧ್ಯವೇ?

ಹೊಸಬರ ತರಗತಿಯಲ್ಲಿ ಕೂತು ನೋಡಿದರೆ ಸಾಧ್ಯವಿಲ್ಲ ಎನಿಸುತ್ತದೆ. ನಮ್ಮ ಟೀಚರ್ ಒಂದು ಸಂಸ್ಕೃತ ಶ್ಲೋಕವನ್ನೂ ಹೇಳುವುದಿಲ್ಲ. ಅವರು ಹೇಳುವುದು, ಮಂಡಿಗೆ ನೋವಾಗುತ್ತಿದ್ದರೆ ನಿಲ್ಲಿಸಿ. ನಿಮ್ಮ ಸ್ವಂತ ಮಂಡಿಯ ವಿಷಯದಲ್ಲಿ ಅದು ಅಹಿಂಸೆ. ಕಾಲ್ಬೆರಳು ಮುಟ್ಟದಿದ್ದರೆ ಬೆನ್ನು ಗೂನು ಮಾಡಿ ಮುಟ್ಟಿದಂತೆ ತೋರಿಸಬೇಡಿ, ಇಟ್ಟಿಗೆ ಇಟ್ಟುಕೊಳ್ಳಿ ಎನ್ನುತ್ತಾರೆ. ಅದು ಸತ್ಯ. ನಲವತ್ತು ದಾಟಿದ ಗಂಡಸಿಗೆ, ಅದರಲ್ಲೂ ಕಚೇರಿಯಲ್ಲಿ ನಾಲ್ಕು ಜನರ ಕೆಲಸ ನೋಡಿಕೊಳ್ಳುವವನಿಗೆ, ಎಲ್ಲರ ಎದುರು ಇಟ್ಟಿಗೆ ಕೇಳುವುದು ಅಷ್ಟು ಸುಲಭದ ಸತ್ಯವಲ್ಲ. ಪಕ್ಕದ ಚಾಪೆ ನೋಡಬೇಡಿ ಎನ್ನುತ್ತಾರೆ. ಎಪ್ಪತ್ತು ದಾಟಿದ ಗುಜರಾತಿ ಅಜ್ಜಿ ಆರಾಮಾಗಿ ಬಗ್ಗುವುದನ್ನು ಕಂಡು ಹೊಟ್ಟೆಯುರಿ ಪಡದೆ ಇವತ್ತು ನನಗೆ ಎಷ್ಟು ಬಂತೋ ಅಷ್ಟಕ್ಕೆ ಸಾಕು ಎನ್ನುವುದು ಸಂತೋಷ. ತತ್ತ್ವ ಬೇಡವೆಂದು ಬಾಗಿಲು ಹಾಕಿದರೂ ಅದು ಮಂಡಿ, ಬೆನ್ನು, ಉಸಿರಿನ ಮೂಲಕ ಒಳಗೆ ಬರುತ್ತದೆ. ಕಲಿಸುವವರು ಪ್ರಾಮಾಣಿಕರಾಗಿರಬೇಕು, ಕಲಿಯುವವರು ಅವಸರ ಮಾಡಬಾರದು, ಅಷ್ಟೆ. ಲಾಭಕ್ಕೆಂದು ಬಂದವರನ್ನು ಹೀನೈಸುವ ಹಿರಿಯರಿಗೆ ನನ್ನ ಉತ್ತರವೂ ಇದೇ. ಬೆಳ್ಳೂರಿನ ಆ ಕಾಯಿಲೆಯ ಹುಡುಗನೂ ಲಾಭದ ಬಾಗಿಲಿನಿಂದಲೇ ಒಳಗೆ ಬಂದವನು. ಬಂದ ಬಾಗಿಲು ಯಾವುದು ಎಂಬುದರಿಂದ ತಲುಪುವ ಕೋಣೆ ನಿರ್ಧಾರವಾಗುವುದಿಲ್ಲ.

ಹಾಗಾದರೆ ಕಚೇರಿಯ ಆ ಹುಡುಗಿ? ಅವಳ ಕಥೆ ಜನವರಿಗೆ ಮುಗಿಯಲಿಲ್ಲ. ಕಚೇರಿಯ ಯೋಗ ಫೆಬ್ರವರಿಯಲ್ಲಿ ನಿಂತರೂ ಅವಳು ತನ್ನ ಮನೆಯ ಹತ್ತಿರ ಒಂದು ತರಗತಿಗೆ ಸೇರಿಕೊಂಡಳು. ಬೇಸಿಗೆಯಲ್ಲಿ ಬೇರೆ ಕಡೆ ಕೆಲಸ ಹುಡುಕಿಕೊಂಡು ಹೊರಟಾಗ ಕಾರಣ ಕೇಳಿದೆ. ಕೆಲವು ಇ-ಮೇಲ್‌ಗಳನ್ನು ತೆರೆಯುವಾಗ ತಾನು ಉಸಿರು ಬಿಗಿಹಿಡಿದಿರುತ್ತೇನೆ ಎಂದು ಈಚೆಗೆ ಗೊತ್ತಾಗತೊಡಗಿದೆ, ಮೊದಲು ಗೊತ್ತಾಗುತ್ತಿರಲಿಲ್ಲ, ಗೊತ್ತಾದ ಮೇಲೆ ಅಲ್ಲಿರಲು ಆಗಲಿಲ್ಲ ಎಂದಳು. ಒಂದೇ ಅಭ್ಯಾಸ ಅವಳಿಗೆ ಎರಡು ಕೊಟ್ಟಿತ್ತು. ಮೊದಲು ಕೊಟ್ಟದ್ದು ಸಹಿಸುವ ಶಕ್ತಿ. ಆಮೇಲೆ ಕೊಟ್ಟದ್ದು ಏನನ್ನು ಸಹಿಸುತ್ತಿದ್ದೇನೆ ಎಂದು ಗುರುತಿಸುವ ಸೂಕ್ಷ್ಮ. ಮೊದಲನೆಯದನ್ನು ಮಾಲೀಕರು, ಮನೆಯವರು, ಯಾರು ಬೇಕಾದರೂ ತಮ್ಮ ಖಾತೆಗೆ ವರ್ಗ ಮಾಡಿಕೊಳ್ಳಬಹುದು. ಎರಡನೆಯದನ್ನು ಯಾರೂ ವರ್ಗ ಮಾಡಿಕೊಳ್ಳಲಾರರು. ಅರ್ಧಕ್ಕೇ ನಿಲ್ಲಿಸಿದ ಯೋಗ ಮಾಲೀಕನಿಗೆ ಬಹಳ ಅನುಕೂಲ. ಮುಂದುವರಿಸಿದ ಯೋಗ ಅವನಿಗೆ ಅಷ್ಟು ಅನುಕೂಲವಲ್ಲ.

ಈಗ ನಾನಿರುವ ಕಡೆ ನಾಲ್ಕು ಜನರ ತಂಡ ನನ್ನ ಕೈಕೆಳಗಿದೆ. ಅವರಿಗೆ ಯೋಗ ಏರ್ಪಡಿಸುವ ಯೋಚನೆ ಬಂದಾಗ ಆ ಹುಡುಗಿಯ ಮಾತು ನೆನಪಾಗಿ, ಮೊದಲು ಬೇರೊಂದು ಕೆಲಸ ಮಾಡಿದೆವು. ಗ್ರಾಹಕರಿಂದ ಕಾಗದಪತ್ರಗಳನ್ನು ಜೂನ್‌ನಿಂದಲೇ ಕೇಳತೊಡಗಿದೆವು, ಅಕ್ಟೋಬರ್ ಒಳಗೆ ಕೊಟ್ಟವರಿಗೆ ಶುಲ್ಕದಲ್ಲಿ ಸ್ವಲ್ಪ ರಿಯಾಯಿತಿ ಇಟ್ಟೆವು. ಜನವರಿ ಹಗುರಾಗಿದೆ ಎನ್ನಲಾರೆ. ಏಳು ಗಂಟೆಗೆ ದೀಪ ಆರಿಸಿ ಹೊರಡುವ ದಿನಗಳು ಆ ತಿಂಗಳಲ್ಲೂ ಈಗ ಇರುತ್ತವೆ. ನೊಗದ ಭಾರ ನೋಡಬೇಕಾದವನು ಮೊದಲು ನೊಗ ನೋಡಲಿ, ಎಣ್ಣೆ ಆಮೇಲೆ ಎಂಬುದು ನನ್ನ ನಿಲುವು.

ಹೊರನಾಡಿನ ನಮ್ಮವರು ಹಲವರು ತರಗತಿಗೆ ಸೇರಲು ಹಿಂಜರಿಯುವುದು ಇನ್ನೊಂದು ಕಾರಣಕ್ಕೆ. "ನಮ್ಮದನ್ನು ಇವರಿಂದ ಕಲಿಯುವುದೇ?" ಎಂಬ ಮುಜುಗರ. ಯೋಗಕ್ಷೇಮ ಎಂಬ ಪದವನ್ನು ನಾವು ಬಾಯಿತುಂಬ ಬಳಸುತ್ತೇವೆ. ಅದರಲ್ಲಿ ಯೋಗ ಎಂದರೆ ಇಲ್ಲದ್ದನ್ನು ಪಡೆಯುವುದು, ಕ್ಷೇಮ ಎಂದರೆ ಪಡೆದದ್ದನ್ನು ಕಾಪಾಡಿಕೊಳ್ಳುವುದು. ಕನ್ನಡ ನಾಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಯೋಗ ನನ್ನ ಆಸ್ತಿಯಾಗುವುದಿಲ್ಲ. ನಮ್ಮ ಲೆಕ್ಕಶಾಸ್ತ್ರದಲ್ಲಿ ಸಂಸ್ಥೆ ತಾನೇ ಬೆಳೆಸಿಕೊಂಡ ಗುಡ್‌ವಿಲ್ ಅನ್ನು ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ ಎಂದು ತೋರಿಸುವಂತಿಲ್ಲ, ಎಷ್ಟೇ ಹಳೆಯ ಹೆಸರಿದ್ದರೂ. ನಾಡಿನ ಹೆಸರೂ ಹಾಗೆಯೇ. ಬೆಳ್ಳೂರಿನಿಂದ ಲಂಡನ್ನಿಗೆ ಬಂದದ್ದನ್ನು ದಶಕಗಳ ಕಾಲ ಅಭ್ಯಾಸ ಮಾಡಿ ಕಾಪಾಡಿಕೊಂಡ ಒಬ್ಬ ಇಂಗ್ಲಿಷ್ ಹೆಂಗಸಿನ ಮುಂದೆ ದಾವಣಗೆರೆಯವನು ಹೊಸಬನಾಗಿ ಕೂರುವುದರಲ್ಲಿ ಅವಮಾನವೇನೂ ಇಲ್ಲ. ಹೊಸಬನಾಗಿ ಕೂರುವುದೇ ನನ್ನಂಥವರಿಗೆ ಇಲ್ಲಿ ಸಿಗುವ ಅಪರೂಪದ ಲಾಭ. ಉಳಿದ ಆರು ದಿನ ನಾವು ಎಲ್ಲವೂ ಗೊತ್ತಿರುವವರಂತೆ ನಡೆದುಕೊಳ್ಳಬೇಕಲ್ಲ.

ಆದ್ದರಿಂದ ಶುರು ಮಾಡಬೇಕೆಂದಿರುವವರಿಗೆ ನಾನು ಹೇಳುವುದು ಸ್ವಲ್ಪ. ಬೆನ್ನಿನ, ಮಂಡಿಯ, ಬಿ.ಪಿ.ಯ, ಕಣ್ಣಿನ ತೊಂದರೆಯಿದ್ದರೆ, ಬಸುರಿಯಾಗಿದ್ದರೆ, ವೈದ್ಯರನ್ನೂ ಕೇಳಿ, ಟೀಚರಿಗೂ ಮೊದಲೇ ಹೇಳಿ. ತಲೆ ಕೆಳಗೆ ಮಾಡುವ ಆಸನಗಳನ್ನು ವಿಡಿಯೋ ನೋಡಿ ಮಾಡಬೇಡಿ. ವಾರಕ್ಕೊಂದು ತರಗತಿ, ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ, ಮೂರು ತಿಂಗಳು. ಲಾಭ ಬೇಕೆಂದೇ ಸೇರಿಕೊಳ್ಳಿ, ನಾಚಿಕೆ ಬೇಡ. ಮೂರು ತಿಂಗಳಾದ ಮೇಲೆ ಲೆಕ್ಕ ನೋಡುವಾಗ ಸೊಂಟದ ಅಳತೆಯ ಜೊತೆಗೆ ಇನ್ನೆರಡು ಸಾಲು ಸೇರಿಸಿ: ಬಂದ ಶಕ್ತಿಯನ್ನು ಯಾರು ಖರ್ಚು ಮಾಡುತ್ತಿದ್ದಾರೆ? ನಿಮ್ಮ ಮನೆಯಲ್ಲಿ ದಿನವಿಡೀ ಬಗ್ಗಿ ಏಳುವವರ ಮಂಡಿಯನ್ನು ನೀವು ಈಚೆಗೆ ವಿಚಾರಿಸಿದ್ದೀರಾ? ಈ ಎರಡಕ್ಕೂ ಉತ್ತರ ಬರೆಯಲು ಬಂದರೆ ಮೂರು ತಿಂಗಳ ಶುಲ್ಕ ವಸೂಲಾಗಿದೆ.